ಮಾದರಿ ಗೋಡೆ

ಶಾಲೆಯ ಮೊದಲ ಮಹಡಿಯ ಕಾರಿಡಾರಿನಲ್ಲಿ ನೆಲದಿಂದ ಸೂರಿನವರೆಗೆ ಅಡ್ಡಲಾಗಿ ನಿಂತಿರುವ ಒಂಬತ್ತು ಇಂಚು ದಪ್ಪದ ಇಟ್ಟಿಗೆ ಗೋಡೆಯು ಮೊದಲಿಗೆ ಗೋಡೆಯಾಗಿರಲಿಲ್ಲ. ಕಟ್ಟಿದ ವರ್ಷದ ಕಡತದ ಪ್ರಕಾರ ಅದು ಒಂಬತ್ತನೇ ತರಗತಿಯ ಪ್ರಪಂಚ ಇತಿಹಾಸದ ಹೆಚ್ಚುವರಿ ಅಂಕದ ಯೋಜನೆಯಾಗಿದ್ದು, ಗರಿಷ್ಠ ಅಂಕ ಐದು.

ಆ ಐದು ಅಂಕ ಬೇಕಾಗಿದ್ದುದು ಮೇಸ್ತ್ರಿಯ ಮಗಳಿಗೆ. ಇತಿಹಾಸದಲ್ಲಿ ಅವಳಿಗೆ ಬಂದದ್ದು ಮೂವತ್ತು, ಪಾಸಾಗಲು ಬೇಕಾದದ್ದು ಮೂವತ್ತೈದು. ಹುಡುಗಿಯ ಬುದ್ಧಿಗೇನೂ ಬರವಿರಲಿಲ್ಲ. ಇಸವಿಗಳನ್ನು ಅದಲುಬದಲು ಮಾಡಿ ಕೆಲವು ರಾಜರನ್ನು ಹುಟ್ಟುವ ಮೊದಲೇ ಸಾಯಿಸಿಬಿಟ್ಟಿದ್ದಳು, ಅಷ್ಟೆ. ಅಂಥವರ ಹಿತದೃಷ್ಟಿಯಿಂದ ಮುಖ್ಯೋಪಾಧ್ಯಾಯಿನಿಯವರು ಮೊಹರು ಹಾಕಿ ಒಂದು ಸುತ್ತೋಲೆ ಹೊರಡಿಸಿದರು: "ಅಂಕಗಳ ಕೊರತೆಯುಳ್ಳ ವಿದ್ಯಾರ್ಥಿಗಳು ಪೋಷಕರ ನೆರವಿನಿಂದ ತಮಗೆ ಗೊತ್ತುಪಡಿಸಿದ ಐತಿಹಾಸಿಕ ಕಟ್ಟಡದ ಮಾದರಿಯನ್ನು ತಯಾರಿಸಿ, ಸೋಮವಾರದೊಳಗಾಗಿ ಮೊದಲ ಮಹಡಿಯ ಕಾರಿಡಾರಿನಲ್ಲಿ ಇರಿಸತಕ್ಕದ್ದು." ಅವಳಿಗೆ ಗೊತ್ತುಪಡಿಸಿದ್ದು ಚೀನಾದ ಮಹಾಗೋಡೆ.

ಅವಳ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಕೈಯೊರೆಸಿಕೊಂಡು ಸುತ್ತೋಲೆಯನ್ನು ಎರಡು ಸಲ ಓದಿದ.

"ಅಪ್ಪಾ, ಇದನ್ನೆಲ್ಲ ಥರ್ಮೋಕೋಲಲ್ಲಿ ಮಾಡ್ತಾರೆ. ಇಷ್ಟೇ ಇಷ್ಟು," ಎಂದು ಮಗಳು ಒಂದು ಗೇಣು ತೋರಿಸಿದಳು.

"ಮಾದರಿ ಅಂತ ಬರೆದಿದೆಯಲ್ಲಮ್ಮ. ಮಾದರಿ ಗೋಡೆ ಅಂದ್ರೆ ನಾಲ್ಕು ಜನ ನೋಡಿ ಕಲೀಬೇಕು. ಥರ್ಮೋಕೋಲ್ ನೋಡಿ ಯಾರು ಏನು ಕಲೀತಾರೆ?"

ಮೂವತ್ತು ವರ್ಷದಿಂದ ಕಂಡವರ ಮನೆಗಳಿಗೆ ಗೋಡೆ ಎತ್ತಿದ್ದ ಮನುಷ್ಯ. ಒಂದಕ್ಕೂ ಯಾರೂ ಅಂಕ ಕೊಟ್ಟಿರಲಿಲ್ಲ. ಭಾನುವಾರ ಶಾಲೆಯ ಕಾವಲುಗಾರನಿಗೆ ಸುತ್ತೋಲೆಯ ಮೊಹರು ತೋರಿಸಿ ಇಟ್ಟಿಗೆ, ಮರಳು, ಸಿಮೆಂಟು ಮೇಲೆ ಸಾಗಿಸಿದ. ಮಗಳು ಇಟ್ಟಿಗೆ ಕೊಟ್ಟಳು, ಅಪ್ಪ ಸಾಲಿನ ಮೇಲೆ ಸಾಲು ಇಡುತ್ತ, ನೆಟ್ಟಗಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟು ನೋಡುತ್ತ, ಸಂಜೆಯ ಹೊತ್ತಿಗೆ ಕಾರಿಡಾರನ್ನು ಮುಚ್ಚಿದ. ಮೆಟ್ಟಿಲಿಳಿಯುವಾಗ ಅವಳಿಗೆ ಜನ್ಮದಲ್ಲಿ ಮೊದಲ ಸಲ ಇತಿಹಾಸ ಇಷ್ಟವಾಯಿತು.

ಸೋಮವಾರ ಶಿಕ್ಷಕರ ಮೆಟ್ಟಿಲು ಹತ್ತಿ ಬಂದ ಶಿಕ್ಷಕರು ಗೋಡೆಯ ಆ ಕಡೆ ಉಳಿದರು; ಮಕ್ಕಳ ಮೆಟ್ಟಿಲು ಹತ್ತಿ ಬಂದ ಮಕ್ಕಳು, ತರಗತಿಗಳ ಸಮೇತ, ಈ ಕಡೆ. ಮಕ್ಕಳ ಮೆಟ್ಟಿಲನ್ನು ಶಿಕ್ಷಕರು ಹತ್ತತಕ್ಕದ್ದಲ್ಲ ಎಂಬ ನಿಯಮವನ್ನು ತಿದ್ದುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಹುಡುಗಿ ಗೋಡೆಗೆ ಕಿವಿಯಿಟ್ಟು ನಿಂತಳು.

"ಒಡೆದುಹಾಕಿ ಅದನ್ನ," ಎಂದರು ಮುಖ್ಯೋಪಾಧ್ಯಾಯಿನಿ.

"ಒಡೆಯೋಕೆ ಬರಲ್ಲ ಮೇಡಂ," ಇದು ಗುಮಾಸ್ತರ ದನಿ. "ನಿಯಮ ಇಪ್ಪತ್ತೇಳು. ಅಂಕ ಕೊಡೋವರೆಗೆ ಯೋಜನೆಗೆ ಹಾನಿ ಮಾಡೋ ಹಾಗಿಲ್ಲ."

"ಹಾಗಾದ್ರೆ ಕೊಡಿ ಮೇಷ್ಟ್ರೇ, ಐದು ಅಂಕ ತಾನೆ."

"ನಮಗೆ ಕಾಣ್ತಿರೋದು ಹಿಂಭಾಗ ಮೇಡಂ," ಎಂದರು ಇತಿಹಾಸದ ಮೇಷ್ಟ್ರು. "ಹಿಂಭಾಗ ನೋಡಿ ಅಂಕ ಕೊಟ್ರೆ, ನಾಳೆ ಎಲ್ಲರೂ ಬರೀ ಹಿಂಭಾಗ ಮಾಡ್ಕೊಂಡು ಬರ್ತಾರೆ."

ಈ ವಾದದಲ್ಲಿ ಹುರುಳಿದೆಯೆಂದು ಎಲ್ಲರೂ ಒಪ್ಪಿ, ಹೊರಗಿನ ಪರೀಕ್ಷಕರನ್ನು ಕಳಿಸಿಕೊಡುವಂತೆ ಮೇಲಿನ ಕಚೇರಿಗೆ ಬರೆಯಲಾಯಿತು. ಅವರು ಎರಡು ತಿಂಗಳಿಗೆ ಬಂದರು, ಶಿಕ್ಷಕರ ಮೆಟ್ಟಿಲಿನಿಂದಲೇ ಬಂದರು, ಬಂದು ಗೋಡೆಯನ್ನು ತಟ್ಟಿದರು.

"ಮಗೂ, ಈ ಗೋಡೆಯ ಐತಿಹಾಸಿಕ ಉದ್ದೇಶ ಏನು?"

"ಹೊರಗಿನೋರು ಒಳಗೆ ಬರದ ಹಾಗೆ ತಡೆಯೋದು ಸಾರ್."

"ನಾನು ಯಾರು?"

"ಹೊರಗಿನ ಪರೀಕ್ಷಕರು ಸಾರ್."

"ನೋಡು ಮತ್ತೆ. ನಾನು ಒಳಗೆ ಬಂದ್ರೆ ನಿನ್ನ ಗೋಡೆ ಫೇಲು. ಬರದೇ ಇದ್ರೆ ನಾನು ನೋಡಿದ ಹಾಗಾಗಲ್ಲ."

"ನನ್ನ ಐದು ಅಂಕ ಸಾರ್?"

ಆ ಕಡೆ ಪೆನ್ನಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು. "ಸದರಿ ಯೋಜನೆಯು ಅತ್ಯುತ್ತಮವಾಗಿರುವ ಕಾರಣ ಮೌಲ್ಯಮಾಪನ ಸಾಧ್ಯವಾಗಿರುವುದಿಲ್ಲ" ಎಂದು ಅವರು ವರದಿ ಕೊಟ್ಟರು. ಅಡ್ಡಗೋಡೆಯ ಮೇಲೆ ದೀಪ ಇಡುವವರಿಗೆ ಇಷ್ಟು ಗಟ್ಟಿಯಾದ ಅಡ್ಡಗೋಡೆ ಹಿಂದೆಂದೂ ಸಿಕ್ಕಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜೊತೆಯವರೆಲ್ಲ ಹತ್ತನೇ ತರಗತಿಗೆ ಹೋದರು. ಯಾವನ ಥರ್ಮೋಕೋಲಿನ ಪಿರಮಿಡ್ಡು ಫ್ಯಾನಿನ ಗಾಳಿಗೆ ಹಾರಿಹೋಗಿತ್ತೋ ಅವನೂ ಹೋದ. ಹುಡುಗಿ ಅವತ್ತು ಬಿಕ್ಕಿ ಬಿಕ್ಕಿ ಅತ್ತಳು, ಅಪ್ಪನಿಗೆ ಕಾಣದ ಹಾಗೆ.

ಶಾಲೆಗೆ ಮಾತ್ರ ಗೋಡೆ ಒಗ್ಗಿತು. ಗೋಡೆಗೂ ಕಿವಿ ಇರುತ್ತದೆಂಬ ಗಾದೆಯನ್ನು ನಂಬಿ ಶಿಕ್ಷಕರು ಆ ಕಡೆ ಪಾಠ ಒಪ್ಪಿಸಿದರು. ಈ ಕಡೆ ಮಕ್ಕಳು ತಾವೇ ಪುಸ್ತಕ ಓದಿಕೊಂಡರು. ಆ ವರ್ಷ ಫಲಿತಾಂಶ ದುಪ್ಪಟ್ಟಾಗಿ, 'ಮಾದರಿ ಶಾಲೆ' ಪ್ರಶಸ್ತಿ ಬಂತು. ಇಂಥ ಉಪಯುಕ್ತ ಗೋಡೆಯನ್ನು ಸಂರಕ್ಷಿಸಲು ಸಮಿತಿಯೊಂದು ರಚನೆಯಾಯಿತು. ಸಂರಕ್ಷಣಾ ಪಟ್ಟಿಗೆ ಪ್ರಾಚೀನ ಕಟ್ಟಡಗಳನ್ನು ಮಾತ್ರ ಸೇರಿಸಲು ಅವಕಾಶವಿದ್ದುದರಿಂದ, ಗೋಡೆಯನ್ನು ಸರ್ವಾನುಮತದಿಂದ ಪ್ರಾಚೀನವೆಂದು ಘೋಷಿಸಲಾಯಿತು.

ಮುಂದಿನ ವಾರ್ಷಿಕ ಪರೀಕ್ಷೆಯಲ್ಲಿ, ಹೊಸದಾಗಿ ಬಂದ ಇತಿಹಾಸದ ಮೇಷ್ಟ್ರು ಐದು ಅಂಕಕ್ಕೆ ಕೇಳಿದರು: 'ಮೊದಲ ಮಹಡಿಯ ಗೋಡೆಯನ್ನು ಕಟ್ಟಿದವರು ಯಾರು?' ಹುಡುಗಿ ಪ್ರಶ್ನೆಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. 'ನಮ್ಮಪ್ಪ. ಇಟ್ಟಿಗೆ ಕೊಟ್ಟವಳು ನಾನು' ಎಂದು ಬರೆದಳು. ಸೊನ್ನೆ ಬಂತು. ಒಟ್ಟು ಮತ್ತೆ ಮೂವತ್ತು.

"ಸಾರ್, ನಮ್ಮಪ್ಪನೇ ಕಟ್ಟಿದ್ದು," ಎಂದಳು ಗೋಡೆಯ ಹತ್ತಿರ ಹೋಗಿ.

"ಸರಿಯುತ್ತರ 'ಪ್ರಾಚೀನರು'. ನೀನು ಹೇಳೋದಕ್ಕೆ ಆಧಾರ ಏನಮ್ಮ?"

"ಅಪ್ಪ ಮನೇಲೇ ಇದ್ದಾರೆ ಸಾರ್. ಕರ್ಕೊಂಡು ಬರ್ತೀನಿ."

"ಬದುಕಿರೋರು ಇತಿಹಾಸಕ್ಕೆ ಆಧಾರ ಆಗಲ್ಲಮ್ಮ," ಎಂದರು ಮೇಷ್ಟ್ರು, ನಿಜವಾದ ಕನಿಕರದಿಂದ.

ಮರುಪರೀಕ್ಷೆಗೆ ಅದೇ ಪ್ರಶ್ನೆ ಬರುವುದೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಅವಳು ಅಪ್ಪನ ಮುಂದೆ ತಲೆ ತಗ್ಗಿಸಿ ಕೂತಳು.

"ಅವರು ಹೇಳಿದ ಹಾಗೇ ಬರೆದುಬಿಡಮ್ಮ," ಎಂದ ಮೇಸ್ತ್ರಿ, ಕರಣಿಗೆ ಅಂಟಿದ ಗಾರೆ ಕೆರೆಯುತ್ತ. "ಯಾವ ಗೋಡೆ ಮೇಲೆ ಮೇಸ್ತ್ರಿ ಹೆಸರಿದೆ ಹೇಳು."

ಅವಳು 'ಪ್ರಾಚೀನರು' ಎಂದು ಬರೆದಳು. ಮೂವತ್ತೈದು ಬಂತು. ಹುಡುಗಿ ಪಾಸಾದಳು.

ಆ ರಜೆಯಲ್ಲಿ ಗೋಡೆಯ ಬುಡದ ನಾಲ್ಕು ಇಟ್ಟಿಗೆ ಸಡಿಲಾಗಿ, ಪ್ರಾಚೀನ ಕಟ್ಟಡಗಳ ದುರಸ್ತಿ ಬಲ್ಲ ಒಬ್ಬ ಕೆಲಸಗಾರ ಬೇಕೆಂದು ಸಮಿತಿ ಪ್ರಕಟಣೆ ಹೊರಡಿಸಿತು. ಬಂದವನು ಮೇಸ್ತ್ರಿ. ಹಳೆಯ ಅಭ್ಯಾಸದಂತೆ ಮಗಳು ಇಟ್ಟಿಗೆ ಕೊಟ್ಟಳು. ಸಮಿತಿಯ ತಜ್ಞರು ಬಗ್ಗಿ ಹೊಸ ಇಟ್ಟಿಗೆಗಳನ್ನು ನೋಡಿದರು, ಹಳೆಯವನ್ನು ನೋಡಿದರು, ತಲೆಯಾಡಿಸಿದರು.

"ಪರವಾಗಿಲ್ಲ ಮೇಸ್ತ್ರಿ. ಆದ್ರೆ ಪ್ರಾಚೀನರ ಕೈ ನಿನಗೆ ಬರಲ್ಲ."

"ಇರಬಹುದು ಸ್ವಾಮಿ," ಎಂದ ಮೇಸ್ತ್ರಿ. "ಅವರು ಮಗಳು ಪಾಸಾಗ್ಲಿ ಅಂತ ಕಟ್ಟಿದ್ರು. ನಾನು ಕೂಲಿಗೆ ಕಟ್ತಾ ಇದ್ದೀನಿ."

ಮಗಳು ಇಟ್ಟಿಗೆ ಹಿಡಿದುಕೊಂಡೇ ನಿಂತಳು. ತಜ್ಞರು ಜೇಬಿನಿಂದ ಪುಸ್ತಕ ತೆಗೆದು, 'ಪ್ರಾಚೀನರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ವಿಶೇಷ ಮಹತ್ವ ನೀಡಿದ್ದರು' ಎಂದು ಬರೆದುಕೊಂಡರು. ಈಗ ಅದು ಪಠ್ಯದಲ್ಲಿದೆ. ಎರಡು ಅಂಕಕ್ಕೆ ಬರುತ್ತದೆ.