ಬೆಕ್ಕಿನ ಚೇಚಿಯೂ ಗುಲಾಬಿ ಚೇಚಿಯೂ

ಆನ್‌ಲೈನ್‌ನಲ್ಲಿ ಬಟ್ಟೆ ತರಿಸಿ ನಗೆಪಾಟಲಾಗುವುದು ನನಗೆ ಹೊಸದೇನಲ್ಲ. ಅದು ಪಾರ್ಸೆಲ್ಲಿನ ಜೊತೆಗೇ ಬರುತ್ತದೆ. ಆದರೆ ಈ ಓಣಂಗೆ ನನಗೊಂದು ಹಟವಿತ್ತು. ಹೋದ ವರ್ಷ ಎರ್ನಾಕುಲಂನ ನಮ್ಮ ಆಫೀಸಿಗೆ ಎಲ್ಲರೂ ಕಸವು ಸೀರೆ, ಅಂದರೆ ಕೆನೆಬಣ್ಣಕ್ಕೆ ಜರಿಯಂಚಿನದು, ಉಟ್ಟು ಬಂದಿದ್ದರು. ಮೈಸೂರಿನವಳು ನಾನೊಬ್ಬಳೇ ನೇರಳೆ ಚೂಡಿದಾರ್. ಫೋಟೋದಲ್ಲಿ ನನ್ನನ್ನು ಕಂಬದ ಹಿಂದೆ ನಿಲ್ಲಿಸಿದರು. ಈ ವರ್ಷ ನಾನು ಮಧ್ಯದಲ್ಲೇ ನಿಲ್ಲಬೇಕಿತ್ತು.

೧. ಅಳತೆ

ಮೊದಲು ರವಿಕೆ ತರಿಸಿದೆ. ಅಳತೆ ಬರೆಯುವ ಕೆಲಸ ಗಂಡನಿಗೆ ಬಿಟ್ಟೆ. ಅವರು ತಿರುವನಂತಪುರದ ಆಚೆ, ತುಂಬ ಎಂಬ ಊರಲ್ಲಿ, ರಾಕೆಟ್ಟಿನ ಭಾಗಗಳನ್ನು ಅಳೆಯುವವರು. ಶನಿವಾರ ಮನೆಗೆ ಬಂದವರೇ ಸ್ಟೀಲ್ ಟೇಪ್ ಹಿಡಿದು ನನ್ನನ್ನು ಮೂರು ಸಲ ಅಳೆದು, ಸರಾಸರಿ ತೆಗೆದು, ದಶಮಾಂಶದ ಸಮೇತ ಬರೆದರು. ಬಂದ ರವಿಕೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಉಸಿರೆಳೆದೆ, ಮೂರು ಹುಕ್ಕು ಹಾರಿದವು.

“ನೀನು ಉಸಿರಾಡ್ತೀಯ ಅನ್ನೋದನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ” ಅಂದರು.

ಕೊನೆಗೆ ಬೀದಿ ಕೊನೆಯ ದರ್ಜಿ ಪಕ್ಕದ ಹೊಲಿಗೆ ಬಿಚ್ಚಿ ನನ್ನ ಪ್ರಾಣ ಉಳಿಸಿದ.

೨. ಲೈವ್

ಸೀರೆಗೆ ಇಲ್ಲೇ ಕಲೂರಿನ ಹೆಂಗಸೊಬ್ಬಳ ಲೈವ್ ಹಿಡಿದೆ. ಆಕೆ ಫೋನಿನ ಮುಂದೆ ಒಂದೊಂದೇ ಸೀರೆ ಬಿಡಿಸಿ ತೋರಿಸುತ್ತಾಳೆ. ಮೊದಲು ‘ಬುಕ್ಡ್’ ಎಂದು ಬರೆದವರಿಗೆ ಆ ಸೀರೆ. ಮಗನ ಜೊತೆ ತುಂಬದಲ್ಲಿರುವ ನನ್ನ ಅತ್ತೆಗೆ ಇದೆಲ್ಲ ಕಂಡರಾಗದು. ಮುಟ್ಟಿ ನೋಡದೆ ಸೀರೆ ಕೊಳ್ಳುವವರಿಗೆ ಬುದ್ಧಿಯೇ ಇಲ್ಲ ಎನ್ನುತ್ತಾರೆ. ಅವರಿಗೆ ಗೊತ್ತಾಗದಿರಲೆಂದು ನನ್ನ ಹೆಸರಿಲ್ಲದ ಖಾತೆ ತೆರೆದು ಬೆಕ್ಕಿನ ಚಿತ್ರ ಹಾಕಿದ್ದೆ. ಅಂಗಡಿಯವಳು ನನ್ನನ್ನು ‘ಪೂಚ್ಚ ಚೇಚಿ’, ಅಂದರೆ ಬೆಕ್ಕಕ್ಕ, ಎಂದೇ ಕರೆಯುತ್ತಿದ್ದಳು.

ಗುಲಾಬಿ ಚಿತ್ರದ ಇನ್ನೊಬ್ಬಳಿದ್ದಳು, ರೋಸ್ ಚೇಚಿ. ನಾನು ಕಣ್ಣಿಟ್ಟ ಮೂರು ಸೀರೆಯನ್ನೂ ಅವಳೇ ಹಾರಿಸಿದಳು. ಮೂರನೆಯದಕ್ಕೆ ನವಿಲಿನ ಅಂಚು. ಅದಕ್ಕಾಗಿ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನೂ ಬಿಟ್ಟು ‘ಬುಕ್ಡ್’ ಒತ್ತಿದ್ದೆ. ಸೀರೆಯೂ ಹೋಯಿತು, ಹಾಲೂ ಹೋಯಿತು.

೩. ಮಧ್ಯದ ಜಾಗ

ಆಫೀಸಿನ ಓಣಂಗೆ ಒಂದು ದಿನ ಮುಂಚೆ ಅತ್ತೆ ಎರ್ನಾಕುಲಂಗೆ, ನನ್ನ ಮನೆಗೆ ಬಂದರು. ನನ್ನ ಸಪ್ಪೆ ಮುಖ ನೋಡಿ, ಕಾರಣ ಕೇಳಿ, ಉಡಲು ಕಸವು ಸೀರೆಯಿಲ್ಲವೆಂದಷ್ಟೇ ನಾನು ಹೇಳಿದ ಮೇಲೆ, ಚೀಲದಿಂದ ಒಂದು ಸೀರೆ ತೆಗೆದರು. ನವಿಲಿನ ಅಂಚು.

“ಉಟ್ಕೊಂಡ್ ಹೋಗು. ಆನ್‌ಲೈನ್‌ದು. ನನ್ನ ಮಗನಿಗೆ ಹೇಳ್ಬೇಡ.”

ಅಂಚಿನ ನವಿಲುಗಳನ್ನು ಹತ್ತಿರ ಹಿಡಿದು ನೋಡಿದೆ, ಅದೇ ಸೀರೆ. ಮಾರನೆಯ ದಿನ ಫೋಟೋದ ನಟ್ಟನಡುವೆ, ಧಾರಾಳವಾಗಿ ಉಸಿರಾಡುತ್ತಾ ನಿಂತೆ. ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಸಂಜೆ ಫೋಟೋ ತೋರಿಸಿದಾಗ ಅತ್ತೆಯೂ ಹಿಗ್ಗಿದರು. ಆಮೇಲೆ ದನಿ ತಗ್ಗಿಸಿದರು.

“ನಾಳೆ ಮತ್ತೆ ಲೈವ್ ಇದೆ. ನೀನೂ ಒಂದು ಖಾತೆ ಮಾಡ್ಕೊ. ಅಲ್ಲಿ ಪೂಚ್ಚ ಚೇಚಿ ಅಂತ ಒಬ್ಬಳಿದಾಳೆ, ಆಸೆಬುರುಕಿ, ನಾನು ನೋಡಿದ್ದಕ್ಕೆಲ್ಲ ಅಡ್ಡ ಬರ್ತಾಳೆ. ನಾವಿಬ್ಬರೂ ಸೇರಿ ಒತ್ತಿದ್ರೆ ಅವಳಿಗೆ ಒಂದು ಕರ್ಚೀಫೂ ಸಿಗಲ್ಲ.”

“ಆಯ್ತತ್ತೆ,” ಎಂದೆ, “ಅವಳನ್ನ ಸುಮ್ಮನೆ ಬಿಡೋದೇ ಬೇಡ.”