ಬೆಡ್‌ಪ್ಯಾನ್ ಮೌನವ್ರತ

ಕಡ್ಡಿ: ಈಗ ನಿನ್ನ ಸರದಿ ಕಣೇ, ನಾನ್ಯಾಕೆ ಹಿಡೀಲಿ?

ಗುಂಡಮ್ಮ: ಬೆಳಿಗ್ಗೆ ಆ ವಾಂತಿ ಒರೆಸಿದ್ದು ಯಾರು? ನಾನು!

ಕಡ್ಡಿ: ಒರೆಸಿದೆ. ಒರೆಸಿ ನೀನೂ ವಾಂತಿ ಮಾಡ್ಕೊಂಡೆ. ಅದನ್ನ ಒರೆಸಿದ್ದು ಯಾರು?

ವಾರ್ಡಿನ ಹಿಂದೆ ಪಾತ್ರೆ ತೊಳೆಯುವ ಕೋಣೆ. ನರ್ಸಿಂಗ್ ಮೊದಲ ವರ್ಷದ ಇಬ್ಬರು ಗೆಳತಿಯರ ನಡುವೆ ಒಂದು ಬೆಡ್‌ಪ್ಯಾನ್ ಅತ್ತಿಂದಿತ್ತ ಓಡಾಡುತ್ತಿತ್ತು. ಅದಕ್ಕಾಗಿ ಕಾಯುತ್ತಿದ್ದದ್ದು ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿ.

ಗುಂಡಮ್ಮ: ನರ್ಸ್ ಅಂದ್ರೆ ರೋಗಿ ಹಣೆ ಮೇಲೆ ತಣ್ಣಗೆ ಕೈಯಿಡೋದು ಅಂದ್ಕೊಂಡಿದ್ದೆ. ಕೈ ಹಣೆಯಿಂದ ಇಷ್ಟು ಕೆಳಗೆ ಇಳೀಬೇಕು ಅಂತ ಯಾರೂ ಹೇಳ್ಲೇ ಇಲ್ವಲ್ಲೇ!

ಕಡ್ಡಿ: ನಾನೇನು ಮಹಾ ಧೀರೆನಾ? ತಮ್ಮನ ಮೂಗು ಒರೆಸೋಕೂ ಅಮ್ಮನ್ನ ಕರೀತಿದ್ದೋಳು. ಇಬ್ರೂ ಹೋಗೋಣ. ಉಸಿರು ಬಿಗಿಹಿಡಿ. ಏನೇ ಆದ್ರೂ ಬಾಯಿ ಬಿಡ್ಬೇಡ.

ಕೆನ್ನೆ ಉಬ್ಬಿಸಿಕೊಂಡು ಇಬ್ಬರೂ ಪರದೆಯೊಳಗೆ ನುಗ್ಗಿದರು.

ಅಜ್ಜಿ: ಬಂದ್ರಾ ಮಕ್ಳಾ? ಯಾವೂರಮ್ಮ ನಿಮ್ದು?

ಗುಂಡಮ್ಮ: ಮ್ಮ್.

ಅಜ್ಜಿ: ಏನಂದೆ?

ಗುಂಡಮ್ಮ ಪಕ್ಕಕ್ಕೆ ಹೊರಳುವಂತೆ ಕೈಸನ್ನೆ ಮಾಡಿದಳು.

ಅಜ್ಜಿ: ಅಯ್ಯೋ ಪಾಪ, ಮಾತು ಬರಲ್ವಾ? ನೀನಾದ್ರೂ ಹೇಳೇ ಸಣಕಲಿ, ಇವಳು ಹುಟ್ಟಿದಾಗಿಂದ್ಲೂ ಹೀಗೇನಾ?

ಕಡ್ಡಿ: ಉಮ್ಮ್!

ಅಜ್ಜಿ: ಇವಳಿಗೂ ಇಲ್ಲ! ಎಂಥ ದೊಡ್ಡ ಮನಸ್ಸಪ್ಪ ಈ ಆಸ್ಪತ್ರೆಯವ್ರದ್ದು!

ನಗು ತಡೆಯಲು ಹೋಗಿ ಕಡ್ಡಿಯ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು.

ಅಜ್ಜಿ: ಅಳ್ಬೇಡ ಕಂದಾ. ಹೇಗೂ ನಿಮ್ಗೆ ಕಿವೀನೂ ಕೇಳ್ಸಲ್ಲ ಅನ್ಸತ್ತೆ, ಹೇಳ್ಬಿಡ್ತೀನಿ. ನಿನ್ನೆಯಿಂದ ನಾನು ಒಂದು ತುತ್ತು ತಿಂದಿಲ್ಲ. ನೀರೂ ಗುಟುಕಷ್ಟೇ. ಯಾರ ಮನೆ ಹೆಣ್ಮಕ್ಕಳೋ, ನನ್ನ ಹೊಲಸು ಬಳೀಬೇಕಲ್ಲಾ ಅಂತ ನಾಚಿಕೆ. ತಟ್ಟೆ ಬಂದ್ರೆ ಹಸಿವಿಲ್ಲ ಅಂತೀನಿ.

ಕಡ್ಡಿಯ ನಗು ಅಲ್ಲೇ ನಿಂತಿತು. ಗುಂಡಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

ಗುಂಡಮ್ಮ: ಅಜ್ಜೀ! ಉಪವಾಸ ಬಿದ್ರೆ ಮೂಳೆ ಹೇಗೆ ಕೂಡತ್ತೆ? ಹೊಟ್ಟೆ ತುಂಬ ತಿನ್ನಿ. ಎಷ್ಟು ಸಲ ಬೇಕಾದ್ರೂ ಕರೀರಿ, ನಾನೇ ಬರ್ತೀನಿ, ನಾನೇ ತೊಳೀತೀನಿ! ಇವಳಿಗೆ ಮುಟ್ಟೋಕೂ ಬಿಡಲ್ಲ!

ಕಡ್ಡಿ: ಬೇಡಪ್ಪಾ, ಎಲ್ಲಾ ನಿನಗೇ ಇರ್ಲಿ. ಆದ್ರೆ ಅಜ್ಜಿ, ಊಟ ಮಾತ್ರ ನಾನು ತಿನ್ನಿಸ್ತೀನಿ. ಈಗ್ಲೇ ಗಂಜಿ ತರ್ತೀನಿ.

ಅಷ್ಟು ಮಾತಾಡಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕಲ್ಲ. ಗುಂಡಮ್ಮ ಎಳೆದುಕೊಂಡಳು. ಪರದೆಯೊಳಗಿನ ವಾಸನೆ ನೇರ ನೆತ್ತಿಗೇರಿತು. ಆದರೂ ಬೆಡ್‌ಪ್ಯಾನ್ ಬಿಡಲಿಲ್ಲ.

ಅಜ್ಜಿ ಬಾಯಿಬಿಟ್ಟು ನೋಡುತ್ತಿದ್ದವಳು ವಾರ್ಡಿಡೀ ಕೇಳುವಂತೆ ಕೂಗಿದಳು.

ಅಜ್ಜಿ: ಸಿಸ್ಟರಮ್ಮಾ, ಓಡಿ ಬನ್ನಿ! ಈ ಹುಡುಗೀರಿಗೆ ಮಾತು ಬಂತು!

ಇವರಿಗೆ ಪಾಠ ಹೇಳುವ ಹಿರಿಯ ಸಿಸ್ಟರ್ ಪರದೆ ಸರಿಸಿ ಇಣುಕಿದರು.

ಸಿಸ್ಟರ್: ಬಂತಾ? ಹಾಗಾದ್ರೆ ಕ್ಲಾಸಲ್ಲೂ ನಿಲ್ಲದ ಇವರ ಮಾತು ಮಧ್ಯೆ ನಿಂತಿತ್ತಾ? ಏನು ಮಾಡಿ ನಿಲ್ಲಿಸಿದ್ರಿ ಅಜ್ಜಿ, ನನಗೂ ಸ್ವಲ್ಪ ಹೇಳ್ಕೊಡಿ!