ಕರಡಿ ತಲೆಯೊಳಗಿನ ಮೈಕಿನ ಕೂಗು ತಗ್ಗಿಸಿರುವ ಹಾಗೂ ‘ಆಗ್ಲಿ ಸಾರ್’ ಎಂದದ್ದನ್ನು ಹಿಂಪಡೆಯುವ ಕುರಿತು

ಇಂದ,
ಕೋಮಲಾ, ಬಿ.ಎ.,
ಕರಡಿ (ತಾತ್ಕಾಲಿಕ),
ಬೆಟ್ಟದಂಚು ಜಾಗೃತಿ ಬಳಗ, ಕೂಡ್ಲಿಗಿ.

ಗೆ,
ಶ್ರೀ ಪಾಲಾಕ್ಷಪ್ಪನವರು, ನಿವೃತ್ತ ಮುಖ್ಯೋಪಾಧ್ಯಾಯರು,
ಅಧ್ಯಕ್ಷರು, ಸದರಿ ಬಳಗ.

ಮಾನ್ಯರೇ,

ವಿಷಯ: ಕರಡಿ ತಲೆಯನ್ನು ಶ್ರೀ ಹುಲುಗೇಶ್ ಅವರಿಗೆ ವಹಿಸದೆ ಅರ್ಜಿದಾರಳಲ್ಲೇ ಮುಂದುವರಿಸುವ ಬಗ್ಗೆ.

ಉಲ್ಲೇಖ:
1. ಕಳೆದ ಸೋಮವಾರ ತಾವು ನೀಡಿದ ಮೌಖಿಕ ಆದೇಶ.
2. ಅದಕ್ಕೆ ಅರ್ಜಿದಾರಳು ನೀಡಿದ ಮೌಖಿಕ ಒಪ್ಪಿಗೆ (ಒಟ್ಟು ಎರಡು ಪದ).
3. ಅರ್ಜಿದಾರಳ ದಿನಚರಿ, ಅದೇ ದಿನದ ಪುಟ: “ತಪ್ಪು ಮೈಕಿನದಲ್ಲವೇನೋ, ನನ್ನದೇ ಏನೋ. ಬಹಳ ದಿನದಿಂದ ಅನುಮಾನ. ಯಾರಿಗೂ ಹೇಳಿಲ್ಲ.” (ಮೂಲ ಪುಸ್ತಕವನ್ನು ಯಾವ ಕಾರಣಕ್ಕೂ ಹಾಜರುಪಡಿಸಲಾಗುವುದಿಲ್ಲ.)

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ,

1. ಗುಡ್ಡದಂಚಿನ ಊರುಗಳಲ್ಲಿ ಜನ ಮತ್ತು ಕರಡಿ ಎದುರುಬದುರಾಗಿ ಇಬ್ಬರೂ ಗಾಬರಿಯಾಗುತ್ತಿರುವ ಕಾರಣ, ಕರಡಿಯ ಬಾಯಿಂದಲೇ ಜನರಿಗೆ ಬುದ್ಧಿ ಹೇಳಿಸುವ ಕಾರ್ಯಕ್ರಮವನ್ನು ಸದರಿ ಬಳಗ ಹಮ್ಮಿಕೊಂಡಿರುವುದು ಸರಿಯಷ್ಟೆ. ಕರಡಿಯ ತಲೆಯನ್ನು ಹಳೇ ಬೈಕ್ ಹೆಲ್ಮೆಟ್ಟಿನ ಮೇಲೆ ಕಾಗದದ ಮುದ್ದೆ ಮೆತ್ತಿ, ಕರಿ ರೋಮದ ಬಟ್ಟೆ ಅಂಟಿಸಿ ತಯಾರಿಸಲಾಗಿದೆ. ಮೂತಿಯೊಳಗೆ ಒಂದು ಮೈಕು. ಎದೆಯ ಮೇಲೆ, ರೋಮದಡಿ, ಸಂತೆಯಲ್ಲಿ ಬಟ್ಟೆ ಮಾರುವವರು ಕೊರಳಿಗೆ ಹಾಕಿಕೊಳ್ಳುವಂಥ ಪುಟ್ಟ ಸ್ಪೀಕರ್ ಡಬ್ಬಿ. ಇವೆರಡರ ನಡುವೆ ಅರ್ಜಿದಾರಳು.

2. ಸಂದರ್ಶನದಲ್ಲಿ ತಾವು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಅರ್ಜಿದಾರಳು ತಲೆಯಾಡಿಸಿ ಉತ್ತರಿಸಿದ್ದಳು. ಆದರೂ ವೇಷ ಅವಳ ಎತ್ತರಕ್ಕೆ ಹೊಂದಿದ್ದರಿಂದ ನೇಮಕವಾಯಿತು. ಇಳಿಯುವ ಊರು ಬಂದರೂ ಕಂಡಕ್ಟರಿಗೆ ಕೂಗಿ ಹೇಳಲಾರದೆ ಮುಂದಿನ ಊರಿಗೆ ಹೋಗಿ ನಡೆದು ವಾಪಸ್ ಬರುವ ಸ್ವಭಾವ ಅವಳದು. ಅಂಥವಳು ಸದರಿ ತಲೆ ಧರಿಸಿದ ಕ್ಷಣ ಇನ್ನೂರು ಜನರ ಮುಂದೆ, “ಅಣ್ಣಾರ, ಅಕ್ಕಾರ, ಗುಡ್ಡದಾಗ ಸುಮ್ಮನ ಹೋಗಬ್ಯಾಡ್ರಿ, ಮಾತಾಡಿಕೋತ, ಸದ್ದು ಮಾಡಿಕೋತ ಹೋಗ್ರಿ” ಎಂದು ಹೇಳಬಲ್ಲವಳಾದಳು. ಹುಟ್ಟಿದಂದಿನಿಂದ ಲೆಕ್ಕ ಹಿಡಿದರೆ ಅವಳ ಇಪ್ಪತ್ತಮೂರು ವರ್ಷದ ಸೇವಾವಧಿಯಲ್ಲಿ ಇದೇ ಮೊದಲು.

3. ಆದರೆ “ಅಣ್ಣಾರ” ಎನ್ನುವಷ್ಟರಲ್ಲಿ ತಲೆಯೊಳಗಿಂದ ಕುಂಯ್ಯ್ಯ್ ಎಂಬ ಕೂಗು ಹೊರಡತೊಡಗಿತು. ಮೊದಲ ಊರಿನಲ್ಲಿ ಶಿವಬಸಮ್ಮ ಎಂಬುವರ ಎಮ್ಮೆ ಗೂಟ ಸಮೇತ ಓಡಿತು. “ಖರೇ ಕರಡಿ ಬಂದಾಗ ಮೇವು ಬಿಟ್ಟು ಅಲುಗಲಿಲ್ಲರೀ ನಮ್ಮೆಮ್ಮಿ. ಈ ಸುಳ್ಳು ಕರಡಿಗೆ ಓಡಿ ಹೋತು ನೋಡ್ರಿ!” ಎಂದು ಅವರು ಬಳಗದ ವ್ಯಾನಿಗೇ ಬೈದರು. ಇದಕ್ಕಿಂತ ಗಂಭೀರವಾದದ್ದೆಂದರೆ, ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, “ಕರಡಿ ಬರೋ ಮುಂದ ಕುಂಯ್ ಅಂತೈತಂತ. ಕುಂಯ್ ಅನ್ನಲಿಲ್ಲಂದ್ರ ನಮಗೇನು ಚಿಂತಿ ಇಲ್ಲ” ಎಂದು ಪಕ್ಕದವರಿಗೆ ತಿಳಿಸಿಕೊಟ್ಟಿದ್ದು. ಜಾಗೃತಿಯು ಈ ದಿಕ್ಕಿನಲ್ಲಿ ಹರಡತೊಡಗಿದ್ದರಿಂದ ತಾವು ಕ್ರಮಕ್ಕೆ ಮುಂದಾದದ್ದು ನ್ಯಾಯವೇ ಆಗಿದೆ.

4. ಸೋಮವಾರ ತಾವು, “ನಿನಗ್ಯಾಕವ್ವಾ ಈ ತ್ರಾಸು? ಶನಿವಾರ ತಲಿ ಹುಲುಗೇಶಗ ಕೊಡು. ಅವನ ಗಂಟಲಿಗೆ ಮೈಕು ಬೇಕಾಗಿಲ್ಲ. ನೀ ರಿಜಿಸ್ಟರ್ ಬರಕೋತ ತಣ್ಣಗ ಕುಂದ್ರು” ಎಂದಿರಿ. ಅರ್ಜಿದಾರಳು “ಆಗ್ಲಿ ಸಾರ್” ಎಂದಳು. ವ್ಯಾನ್ ಚಾಲಕರಾದ ಹುಲುಗೇಶರ ಮೇಲೆ ಅವಳಿಗೆ ಯಾವ ಆಕ್ಷೇಪಣೆಯೂ ಇಲ್ಲ. ಅವರು ಹೊಸಹಳ್ಳಿಯಲ್ಲಿ ಕೆಮ್ಮಿದರೆ ಕೂಡ್ಲಿಗಿಯಲ್ಲಿ ಜನ ಬಾಗಿಲು ತೆರೆಯುತ್ತಾರೆ. ತೊಡಕಿರುವುದು ‘ಆಗ್ಲಿ’ಯಲ್ಲಿ. ಸದರಿ ಪದವನ್ನು ಅರ್ಜಿದಾರಳು ಒಪ್ಪಿಗೆಗೆ ಬಳಸುವುದಿಲ್ಲ, ಎದುರಿಗಿರುವವರ ಮುಖದಿಂದ ಬೇಗ ತಪ್ಪಿಸಿಕೊಳ್ಳಲು ಬಳಸುತ್ತಾಳೆ. ಇದೇ ಪದದ ದೆಸೆಯಿಂದ ಅವಳಿಗೆ ಬೇಡದ ಐಚ್ಛಿಕ ವಿಷಯ, ಬೇಡದ ಬಣ್ಣದ ಮೂರು ಚೂಡಿದಾರ ಮತ್ತು ನೆರೆಯ ಹಂಪಕ್ಕನ ಮನೆಯ ಎರಡು ಬೆಕ್ಕಿನ ಮರಿ ಈಗಾಗಲೇ ಮಂಜೂರಾಗಿವೆ. ತಲೆಯೂ ಹೋದರೆ ಅವಳು ಮಾತಾಡುವ ಏಕೈಕ ಸ್ಥಳ ಹೋದಂತಾಗುತ್ತದೆ.

5. ಕಾರಣ, ಮಂಗಳವಾರ ಅರ್ಜಿದಾರಳು ತಲೆಯನ್ನು ಸ್ಪೀಕರ್ ಡಬ್ಬಿ ಸಮೇತ ಗೋಣಿಚೀಲದಲ್ಲಿ ಕಟ್ಟಿಕೊಂಡು ಕೊಟ್ಟೂರಿಗೆ ಹೋಗಿ, ಮೈಕ್ ಸೆಟ್ ಬಾಡಿಗೆ ಕೊಡುವ ಮಂಜಣ್ಣನವರ ಮುಂದಿಟ್ಟಳು. ಅವರು ಒಳಗೆ ಕೈ ಹಾಕಿ ತಡವಿ ನಕ್ಕರು.

“ಸ್ಪೀಕರ್ ಎದಿ ಮ್ಯಾಲ, ಮೈಕು ಮೂತಿಯಾಗ. ನಡುವ ಒಂದು ಗೇಣಿಲ್ಲ. ಇದು ಹೇಳಿದ್ದು ಅದು ಕೇಳತೈತಿ, ಕೇಳಿದ್ದನ್ನ ಮತ್ತ ಇದಕ್ಕs ಹೇಳತೈತಿ. ಇಬ್ರು ಚಾಡಿಕೋರರನ್ನ ಒಂದs ಖೋಲಿಯಾಗ ಕೂಡಿ ಹಾಕಿದಂಗ ಆಗೇತಿ. ಸಾಲದ್ದಕ್ಕ ಖೋಲಿ ಖಾಲಿ, ಗೋಡಿ ಬೇರೆ ಗಟ್ಟಿ. ಕೂಗದs ಏನು ಮಾಡತೈತಿ?”

ಆಮೇಲೆ ಸ್ಪೀಕರಿನ ವಾಲ್ಯೂಮ್ ನೋಡಿ ಹುಬ್ಬೇರಿಸಿದರು. “ಪೂರಾ ತಿರುವಿ ಇಟ್ಟೀಯಲ್ಲವ್ವಾ! ಎಲ್ಲಿ, ಒಂಚೂರು ಮಾತಾಡು ನೋಡೋಣು.”

ಅರ್ಜಿದಾರಳು ಮಾತಾಡಿದಳು.

“ಮಾತಾಡವ್ವಾ.”

“ಮಾತಾಡಿದೆನ್ರಿ.”

ಮಂಜಣ್ಣನವರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. “ನೋಡವಾ, ನೀ ಹಿಂಗ ಪಿಸುಗುಟ್ಟಿದ್ರ ಪಾಪ ಮೈಕು ಕಿವಿ ಪೂರಾ ತೆಗೀಬೇಕಾಗತೈತಿ. ಕಿವಿ ಪೂರಾ ತೆಗದ್ರ ಬ್ಯಾಡದ್ದೂ ಕೇಳತೈತಿ. ನೀ ಜೋರು ಮಾತಾಡಿದಿ ಅಂದ್ರ ವಾಲ್ಯೂಮ್ ಅರ್ಧಕ್ಕ ಇಳಿಸಬಹುದು. ಮೈಕಿಗೆ ರಿಪೇರಿ ಇಲ್ಲ, ನಿನಗೈತಿ.”

ಉಲ್ಲೇಖ 3ರಲ್ಲಿ ವ್ಯಕ್ತಪಡಿಸಿದ ಅನುಮಾನವು ಹೀಗೆ ತಜ್ಞರಿಂದ ದೃಢಪಟ್ಟಿದೆ.

6. ತತ್ಸಂಬಂಧ ಕೈಗೊಂಡ ಕ್ರಮಗಳು:

ಅ) ಸ್ಪೀಕರನ್ನು ಎದೆಯಿಂದ ಸೊಂಟಕ್ಕೆ ಇಳಿಸಿ, ಅದರ ಮುಖವನ್ನು ಜನರ ಕಡೆ ತಿರುಗಿಸಲಾಗಿದೆ. ಕರಡಿ ಈಗ ಹೊಟ್ಟೆಯಿಂದ ಮಾತಾಡುತ್ತದೆ, ಯಾರೂ ದೂರಿಲ್ಲ.

ಆ) ಮೂತಿಯ ತುದಿಯಲ್ಲಿದ್ದ ಮೈಕನ್ನು ಅರ್ಜಿದಾರಳ ತುಟಿಯಂಚಿಗೆ, ಎರಡು ಬೆರಳು ದೂರಕ್ಕೆ ತರಲಾಗಿದೆ.

ಇ) ತಲೆಯ ಒಳಗೋಡೆಗೆ ಅಜ್ಜಿ ಭರಮಮ್ಮನವರ ಹಳೇ ಕೌದಿಯ ತುಂಡುಗಳನ್ನು ಹೊಲಿದು, ಶಬ್ದ ತಿರುಗಿ ಬಡಿಯದಂತೆ ಮಾಡಲಾಗಿದೆ. ಕೌದಿ ಹರಿಯುವಾಗ ಸದರಿ ಅಜ್ಜಿಯು, “ಮನ್ಯಾಗ ಇನ್ನೊಂದು ರೊಟ್ಟಿ ಕೇಳಾಕ ಬಾಯಿಲ್ಲ, ಊರಿಗೆ ಬುದ್ಧಿ ಹೇಳಾಕ ಹೊಂಟಾಳ ನನ್ನ ಕರಡಿ” ಎಂದದ್ದನ್ನು ಕಡತಕ್ಕೆ ಸೇರಿಸಿದೆ.

ಈ) ಇಷ್ಟಾದರೂ ವಾಲ್ಯೂಮ್ ಪೂರ್ತಿ ಇಟ್ಟಾಗ ಕೂಗು ಸ್ವಲ್ಪ ಉಳಿದಿತ್ತು. ಆದ್ದರಿಂದ ಬುಧವಾರದಿಂದ ಮೂರು ದಿನ, ಸಂಜೆ ಹೊತ್ತು, ಬಣವೆಯ ಆಚೆ ಭರಮಮ್ಮನವರನ್ನು ಕೂಡಿಸಿ, ಈಚೆಯಿಂದ ಅರ್ಜಿದಾರಳು ಮೈಕಿಲ್ಲದೆ ಪಾಠ ಒಪ್ಪಿಸಿದಳು. ಅಜ್ಜಿಗೆ ಕಿವಿ ಮಂದವಿರುವುದು ಪ್ರಯೋಗಕ್ಕೆ ಅನುಕೂಲವಾಯಿತು. ಮೊದಲ ದಿನ, “ಏನಂದಿ?” ಎರಡನೇ ದಿನ, “ಕರಡಿಗೆ ಏನಾಗೇತಂತ?” ಮೂರನೇ ದಿನ, “ಬಾಯಿ ಮುಚ್ಚೇ, ನಾನೇನು ಕಿವುಡಿ ಅಲ್ಲ!” ವಾಲ್ಯೂಮನ್ನು ಅಂದೇ ಅರ್ಧಕ್ಕೆ ಇಳಿಸಲಾಯಿತು.

7. ಶನಿವಾರ ಹೊಸಹಳ್ಳಿಯಲ್ಲಿ ತಲೆಯನ್ನು ಹುಲುಗೇಶರಿಗೆ ಒಪ್ಪಿಸುವ ಮುನ್ನ ಅರ್ಜಿದಾರಳು ಅದನ್ನು ಕೊನೆಯ ಬಾರಿಗೆಂದು ಧರಿಸಿ, ಗುಡ್ಡದಲ್ಲಿ ಸದ್ದು ಮಾಡಿಕೊಂಡು ಹೋಗುವುದರಿಂದ ಹಿಡಿದು, ಕರಡಿ ಕಂಡರೆ ಮರ ಹತ್ತಬಾರದು, ಅದಕ್ಕೂ ಹತ್ತಲು ಬರುತ್ತದೆ ಎಂಬುದರವರೆಗೆ ಹದಿನೆಂಟು ನಿಮಿಷ ಮಾತಾಡಿದಳು. ಕುಂಯ್ ಎನ್ನಲಿಲ್ಲ. ಹಿಂದಿನ ಸಾಲಿನವರೂ ಕೇಳಿಸಿಕೊಂಡರು. ಹುಲುಗೇಶರು ವ್ಯಾನಿನಿಂದಿಳಿದು ಬಂದು ಮೂತಿಯೊಳಗೆ ಇಣುಕಿ, “ಏ ಕೋಮಲಾ, ಒಳಗ ನೀನs ಅದೀಯೇನು, ಬ್ಯಾರೆ ಯಾರನ್ನರ ಕಳಿಸೀಯೇನು?” ಎಂದು ವಿಚಾರಿಸಿದ್ದಾರೆ. ಆಗಲೂ ಅವರು ಕೈ ಚಾಚಿದರೆ ತಲೆ ಕೊಡುವ ಸ್ಥಿತಿಯಲ್ಲೇ ಅರ್ಜಿದಾರಳು ಇದ್ದಳೆಂಬುದನ್ನು ಮುಚ್ಚಿಡುವಂತಿಲ್ಲ. ಅವರು ಚಾಚಲಿಲ್ಲ, “ಸೋಮವಾರ ನೋಡೋಣು ಬಿಡು” ಎಂದರು. ಇಂದು ಸೋಮವಾರವಾಗಿದೆ.

ಆದ್ದರಿಂದ, ಕೂಗಿನ ಕಾರಣ ಪತ್ತೆಯಾಗಿ ಅದು ನಿವಾರಣೆಯಾಗಿರುವ ಕಾರಣ, ಹಾಗೂ ಉಲ್ಲೇಖ 2ರ ‘ಆಗ್ಲಿ’ಯು ಮನಃಪೂರ್ವಕವಾಗಿರದ ಕಾರಣ, ಅದನ್ನು ಆಡಿಯೇ ಇಲ್ಲವೆಂದು ಪರಿಗಣಿಸಿ ತಲೆಯನ್ನು ಅರ್ಜಿದಾರಳಲ್ಲೇ ಮುಂದುವರಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ ಕರಡಿ,
ಕೋಮಲಾ

ಅಡಕಗಳು:
1. ಕೌದಿಯ ಮಾದರಿ ತುಂಡು, ಒಂದು.
2. ಶಿವಬಸಮ್ಮನವರಿಗೆ ಬರೆದ ಕ್ಷಮಾಪಣೆ ಪತ್ರದ ನಕಲು. (ಎಮ್ಮೆ ಮರಳಿದೆ.)

ನಂತರ ಸೇರಿಸಿದ್ದು, ಕಚೇರಿಯ ಬಾಗಿಲಲ್ಲಿ, ಬೇರೆ ಪೆನ್ನಿನಿಂದ: ಸದರಿ ಅರ್ಜಿಯನ್ನು ತಮ್ಮ ಮೇಜಿನ ಮೇಲಿಟ್ಟು ಹಾಗೆಯೇ ಹೊರಟುಹೋಗುವುದೆಂದು ತೀರ್ಮಾನಿಸಲಾಗಿತ್ತು. ಆದರೆ ತಾವು ನಿಗದಿತ ವೇಳೆಗಿಂತ ಮುಂಚೆ ಬಂದು, “ಏನವ್ವಾ ಅದು, ರಜಾ ಚೀಟಿಯೇನು?” ಎಂದು ಕೇಳಿದ್ದರಿಂದ, ಅರ್ಜಿದಾರಳು ತಲೆಯಿಲ್ಲದೆ, ಮೈಕಿಲ್ಲದೆ, ಆಚೆ ರಸ್ತೆಯ ಹುಲುಗೇಶರಿಗೂ ಕೇಳುವಷ್ಟು ಜೋರಾಗಿ, “ಅಲ್ಲರೀ ಸಾರ್. ತಲಿ ನನಗ ಬೇಕ್ರಿ!” ಎಂದಿರುತ್ತಾಳೆ. ಕಾರಣ, ಮೇಲಿನ ಏಳು ಅಂಶಗಳನ್ನು ತಾವು ಓದದಿದ್ದರೂ ನಡೆಯುತ್ತದೆ. ಸ್ವೀಕರಿಸಿದ್ದಕ್ಕೆ ಒಂದು ಮುದ್ರೆ ಮಾತ್ರ ಒತ್ತಿಕೊಡಬೇಕಾಗಿ ಕೋರಿದೆ.